ದೇವರ ಟಗರಿನ ತುಪ್ಪಟ

ಬಾಲಾನಗರದ ನಮ್ಮ ಗಲ್ಲಿಯಲ್ಲಿ ಬೆಳಗ್ಗೆ ಲೇತ್ ಶೆಡ್ಡಿನ ಶಟರ್ ಎತ್ತಿದರೆ ಸಾಕು, ಸುಟ್ಟ ಆಯಿಲ್ಲಿನ ವಾಸನೆ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಸೊಸೆ ಮೂಗು ಮುಚ್ಚಿಕೊಂಡು ಊದಿನಕಡ್ಡಿ ಹಚ್ಚುತ್ತಾಳೆ. ನನಗೆ ಆ ವಾಸನೆಯಲ್ಲಿ ಕುರಿ ಕಾಣುತ್ತವೆ. ಒದ್ದೆ ಉಣ್ಣೆ, ಗಂಧಕ, ಕೀವು, ಒಲೆಯ ಮೇಲೆ ಕಾಯುತ್ತಿದ್ದ ಕರಿ ಎಣ್ಣೆ, ಎಲ್ಲ ಕೂಡಿ ನಮ್ಮ ಮನೆಯ ವಾಸನೆ. ಈ ಶೆಡ್ಡುಗಳು ನಿಂತ ಜಾಗದಲ್ಲೇ ನಮ್ಮ ದೊಡ್ಡಿ ಇತ್ತು ಎಂದರೆ ಈಗಿನವರು ನಗುತ್ತಾರೆ. ಆಗ ಇಲ್ಲಿ ಕಾರ್ಖಾನೆ ಎಂದರೆ ದೂರ ದೂರಕ್ಕೆ ಒಂದೊಂದು. ನಡುವೆ ಬಂಡೆ, ಜಾಲಿ, ಹುಲ್ಲು. ಅಪ್ಪನ ಅಪ್ಪ, ನಮ್ಮ ಮುತ್ತ್ಯಾ, ಸೇಡಂ ಕಡೆಯಿಂದ ಕುರಿ ಹೊಡೆದುಕೊಂಡು ಈ ತೆಲುಗು ಸೀಮೆಗೆ ಬಂದವನು, ಆ ಹುಲ್ಲು ನೋಡಿ ಇಲ್ಲೇ ನಿಂತುಬಿಟ್ಟ. ಕಲ್ಲಿನ ಗೋಡೆ, ಹುಲ್ಲಿನ ಮಾಡು, ಮುಂದೆ ಮುಳ್ಳಿನ ದೊಡ್ಡಿ. ನಿಮ್ಮದೂ ಅಂಥದೊಂದು ಮನೆ ಯಾವುದೋ ಶೆಡ್ಡಿನ ಅಡಿಗೆ ಹೋಗಿರಬೇಕು. ಹೋಗಿದ್ದರೆ ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ.

ದಾರಿಯಲ್ಲಿ ಕುರಿಗೇನೂ ಆಗದೆ ಮುಟ್ಟಿದರೆ ಒಂದು ಟಗರು ನಿನಗೆ ಎಂದು ಮುತ್ತ್ಯಾ ಬೀರದೇವರಿಗೆ ಹರಕೆ ಹೊತ್ತಿದ್ದ. ಹಾಗೆ ಬಿಟ್ಟ ಟಗರಿಗೆ, ಊರಿಗೆ ಒಯ್ದು ಒಪ್ಪಿಸುವ ತನಕ, ಕತ್ತರಿ ತಾಗಿಸುವಂತಿಲ್ಲ. ಒಯ್ಯುವ ಮೊದಲೇ ಮುತ್ತ್ಯಾ ಸತ್ತ. ಕುರಿ ಬಿಟ್ಟು ಹೋಗುವುದು ಅಪ್ಪನಿಗೆ ಆಗಲಿಲ್ಲ. ಟಗರು ಉಳಿಯಿತು. ಹಣೆಗೆ ಭಂಡಾರ, ಕೊರಳಿಗೆ ಹಿತ್ತಾಳೆ ಗಂಟೆ, ನೆಲ ಗುಡಿಸುವಂಥ ಕರಿ ತುಪ್ಪಟ. ಅದು ದೊಡ್ಡಿಯ ನಡುವೆ ಮಲಗಿದರೆ ಉಳಿದವೆಲ್ಲ ಬೆಚ್ಚಗಾಗಲೆಂದು ಅದಕ್ಕೇ ಒತ್ತಿಕೊಂಡು ಮಲಗುತ್ತಿದ್ದವು. ಚಳಿಗೆ ನಾನೂ ಅದರ ತುಪ್ಪಟದಲ್ಲಿ ಕೈ ಹುದುಗಿಸಿ ಕೂರುತ್ತಿದ್ದೆ.

ಆಮೇಲೆ ಕಜ್ಜಿ ಬಂತು. ಕಣ್ಣಿಗೆ ಕಾಣದ ಹುಳ, ತೊಗಲಿನಲ್ಲಿ ಕೂತು ಕಡಿಯುತ್ತದೆ. ಕುರಿ ಮೇಯುವುದು ಬಿಟ್ಟು ದೊಡ್ಡಿ ಬಾಗಿಲಿನ ಕಲ್ಲುಗಂಬಕ್ಕೆ ಮೈ ತಿಕ್ಕುತ್ತ ನಿಂತವು. ಉಣ್ಣೆ ಗೊಂಚಲು ಗೊಂಚಲಾಗಿ ಉದುರಿತು. ಅಪ್ಪ ಉಣ್ಣೆ ಕತ್ತರಿಸಿ, ಕಾರ್ಖಾನೆಯ ಸುಟ್ಟ ಆಯಿಲ್ಲಿಗೆ ಗಂಧಕ ಕಲಸಿ ಕಾಯಿಸಿದ. ಅವ್ವ ಒಂದೊಂದೇ ಕುರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಕರಟದಿಂದ ಹಕ್ಕಳೆ ಕೆರೆದು ಹಚ್ಚಿದಳು. ಅವಳ ತೋಳಿಗೂ ತುರಿಕೆ ಎದ್ದಿತು, ಹಚ್ಚಿಕೊಂಡಳು. ಕುರಿಗೆ ವಾಸಿಯಾಯಿತು. ಹೊಸ ಉಣ್ಣೆ ಚಿಗುರುವಷ್ಟರಲ್ಲಿ ಮತ್ತೆ ಬಂತು. ಮತ್ತೆ ಕೆರೆದರು, ಮತ್ತೆ ಹಚ್ಚಿದರು, ಮತ್ತೆ ಬಂತು. ಆ ಸಿಟ್ಟು ಅವ್ವನ ಕೈಯಲ್ಲಿ ಇಳಿದು, ಅವಳು ಬಡಿದ ರೊಟ್ಟಿಯೆಲ್ಲ ಹರಿಯುತ್ತಿದ್ದವು.

ಕೊನೆಗೆ ದನದ ದವಾಖಾನೆಯ ಡಾಕ್ಟರನ್ನು ಕರೆತಂದರು. ಗುಂಡಿ ತೋಡಿ ಔಷಧದ ನೀರು ತುಂಬಿ ಎಲ್ಲವನ್ನೂ ಮುಳುಗಿಸಬೇಕು ಎಂದ. “ಒಕ್ಕಟಿ ಕೂಡಾ ವದಲೊದ್ದು,” ಎಂದು ಬೆರಳು ತೋರಿಸಿ ಹೇಳಿದ. ಒಂದನ್ನೂ ಬಿಡಬೇಡ ಎಂದು. ಅಪ್ಪ ಮುಳುಗಿಸಿದ. ಆದರೂ ಕಜ್ಜಿ ತಿರುಗಿ ಬಂದಾಗ ಡಾಕ್ಟರು ಮತ್ತೆ ಬಂದು ರೇಗಿದ, “ಅನ್ನೀ ಮುಂಚಾವಾ?” ಎಲ್ಲವನ್ನೂ ಮುಳುಗಿಸಿದೆಯಾ ಎಂದು.

“ಅನ್ನೀ ಸಾರ್,” ಎಂದ ಅಪ್ಪ. ಸುಳ್ಳು ಹೇಳಲಿಲ್ಲ. ಅವನ ಲೆಕ್ಕದಲ್ಲಿ ದೇವರ ಟಗರು ಅವನ ಕುರಿಯಲ್ಲ.

ಟಗರು ಆಗ ಮನೆಯ ಹಿಂದೆ ನೆರಳಿನಲ್ಲಿ ಕಟ್ಟಿತ್ತು. ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದು, “ಹಿಂದ ಇನ್ನೊಂದೈತ್ರಿ,” ಎಂದಳು. ಡಾಕ್ಟರಿಗೆ ಕನ್ನಡ ಬಾರದು, ಅವಳಿಗೆ ತೆಲುಗು ಬಾರದು. ಅವನು ತಲೆಯಾಡಿಸಿ ಸೈಕಲ್ ಹತ್ತಿದ. ಆ ತಲೆಯಾಡಿಸಿದ್ದು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಅವನು ಹೋದ ಮೇಲೆ ಅವ್ವ ಕತ್ತರಿ ತಂದು ಅಪ್ಪನ ಮುಂದೆ ಇಟ್ಟಳು.

“ಎಲ್ಲಾ ಅದರ ತುಪ್ಪಟದಾಗ ಐತಿ. ಒಮ್ಮೆ ಕತ್ರಿ ಹಚ್ಚ್ರಿ.”

“ನಮ್ಮಪ್ಪ ಬಿಟ್ಟ ಟಗರ ಅದು. ನಂದಲ್ಲ.”

“ನಿಮ್ದಲ್ಲಂದ್ರ ನಿಮ್ಮ ಕುರಿ ಜೋಡಿ ಯಾಕ ಮಲಗಸ್ತೀರಿ?”

“ಬಾಯಿ ಮುಚ್ಚ. ದ್ಯಾವ್ರಿಗೆ ಕಜ್ಜಿ ಅಂತಿ?”

“ದ್ಯಾವ್ರಿಗಲ್ಲ, ಟಗರಿಗೆ. ಅದಕ್ಕ ಹೇಳಾಕ ಬಾಯಿಲ್ಲ, ನಿಮಗ ಕೇಳಾಕ ಕಿವಿಯಿಲ್ಲ.”

ಅಪ್ಪ ಕತ್ತರಿ ಎತ್ತಿ ಮಾಡಿನ ಸಂದಿಗೆ ಸಿಕ್ಕಿಸಿದ. ಕೆಟ್ಟವನಲ್ಲ ಅವನು. ಸತ್ತ ತಂದೆಯ ಮಾತು ಮುರಿಯಲು ಕೈ ಬರಲಿಲ್ಲ, ಅಷ್ಟೆ. ಆದರೆ ಕೆಟ್ಟವನಲ್ಲ ಅಂದರೆ ಕುರಿ ಉಳಿಯುತ್ತವೆಯೇ? ಚಳಿ ಬಿತ್ತು. ಉಣ್ಣೆಯಿಲ್ಲದ ಹಸಿ ಮೈಯ ಕುರಿಗಳು ನಡುಗುತ್ತ ಬೆಚ್ಚಗಿನ ಜಾಗ ಹುಡುಕಿಕೊಂಡು ಅದೇ ಟಗರಿಗೆ ಹೋಗಿ ಒತ್ತಿಕೊಳ್ಳುತ್ತಿದ್ದವು. ಮೊದಲು ಮರಿಗಳು ಸತ್ತವು, ಆಮೇಲೆ ತಾಯಂದಿರು. ಉಳಿದವನ್ನು ಕಟುಕರ ಲಾರಿಗೆ ಹತ್ತಿಸಿದರು. ಅವ್ವ ಮನೆಯಿಂದ ಹೊರಗೆ ಬರಲಿಲ್ಲ.

ಮಾರನೆಯ ದಿನ ಟಗರೊಂದೇ ಉಳಿದು, ಕಲ್ಲುಗಂಬಕ್ಕೆ ಬೆನ್ನು ತಿಕ್ಕುತ್ತಿತ್ತು. ಗಂಟೆ ನಿಲ್ಲದೆ ಬಡಿಯುತ್ತಿತ್ತು. ಬೇರೆ ಸದ್ದೇ ಇರಲಿಲ್ಲವಲ್ಲ, ಅದಕ್ಕೇ ಇರಬೇಕು, ಅಪ್ಪನ ಕಿವಿಗೂ ಬಿತ್ತು. ಎದ್ದು ಮಾಡಿನಿಂದ ಕತ್ತರಿ ಕಿತ್ತು, ಟಗರಿನ ಮುಂದೆ ಕೂತು ಕೈ ಮುಗಿದು, ಕತ್ತರಿಸಲು ಹಿಡಿದ. ತುಪ್ಪಟ ಕಂಬಳಿಯಂತೆ ಇಡಿಯಾಗಿ ಕಳಚಿ ಬಿತ್ತು. ಒಳಗೆ ಮೈಯೆಲ್ಲ ಬಿಳಿ ಹಕ್ಕಳೆ, ಬಿರುಕಿನಲ್ಲಿ ರಕ್ತ. ಅಷ್ಟು ದಿನ ಅದು ಹೇಗೆ ತಡೆದುಕೊಂಡಿತ್ತೋ.

ಅವ್ವ ಬಾಗಿಲಲ್ಲಿ ನಿಂತಿದ್ದಳು. “ಈಗ ಯಾಕ?” ಎಂದಳು.

“ಕಡಿಯಾಕತ್ತೈತಿ ಅದಕ್ಕ,” ಎಂದ ಅಪ್ಪ, ತಲೆ ಎತ್ತದೆ.

ಅವ್ವ ಒಳಗೆ ಹೋಗಿ ಒಲೆ ಹೊತ್ತಿಸಿ ಎಣ್ಣೆ ಕಾಯಲಿಟ್ಟಳು. ಟಗರಿಗೆ ವಾಸಿಯಾಯಿತು, ತಿರುಗಿ ಬರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಹಮಾಲಿಗೆ ಸೇರಿದ, ಅವ್ವ ಗಾರೆ ಕೆಲಸಕ್ಕೆ ಹೋದಳು, ಟಗರು ಖಾಲಿ ದೊಡ್ಡಿಯ ನಡುವೆ, ಹಳೆಯ ಜಾಗದಲ್ಲೇ ಮಲಗಿ ಮಲಗಿ ಮುದಿಯಾಗಿ ಸತ್ತಿತು.

ಆ ಕಲ್ಲುಗಂಬ ಇನ್ನೂ ಇದೆ, ಲೇತ್ ಶೆಡ್ಡಿನ ಮೂಲೆಗೆ. ಹುಡುಗರು ಅದಕ್ಕೆ ಮೋಟರ್ ಸೈಕಲ್ ಒರಗಿಸುತ್ತಾರೆ. ನನ್ನ ಮೊಣಕಾಲಿನಿಂದ ಸೊಂಟದ ಮಟ್ಟದ ತನಕ ನುಣ್ಣಗೆ ಹೊಳೆಯುತ್ತದೆ, ಎಣ್ಣೆ ಕುಡಿದಂತೆ. ಅದರ ಮೇಲೂ ಕೆಳಗೂ ಬರೀ ಒರಟು ಕಲ್ಲು.