ಬಂಡೆಯ ಮೇಲೆ ಮೂರು ಭಾಷೆ

ಊರಿಗಾಂನ ಸರ್ಕಾರಿ ಶಾಲೆಯಲ್ಲಿ ನಾನು ಐದನೇ ತರಗತಿಯ ಮೇಡಂ. ಹೋದ ಚಳಿಗಾಲದಲ್ಲಿ ನನ್ನ ಹತ್ತೊಂಬತ್ತು ಮಕ್ಕಳನ್ನು ಎರಡು ದಿನದ ಸಾಹಸ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಮಕ್ಕಳು ಹಗ್ಗ ಹಿಡಿದು ಬಂಡೆ ಇಳಿದರು, ಕೆರೆಯಲ್ಲಿ ತೆಪ್ಪಕ್ಕೆ ಹುಟ್ಟು ಹಾಕಿದರು, ಡೇರೆಯಲ್ಲಿ ಮಲಗಿದರು. ಅವರಲ್ಲಿ ಒಬ್ಬಳ ಬಗ್ಗೆ ನಾನು ಅಂದುಕೊಂಡಿದ್ದೆಲ್ಲ ತಪ್ಪು ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಆ ಹುಡುಗಿ ಮಾತಿನಮಲ್ಲಿ. ಅಪ್ಪನ ಕಡೆಯವರು ಗಡಿಯಾಚೆಯ ತೆಲುಗರು. ಅಮ್ಮ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ತಮಿಳಿನವಳು. ಓದುವುದು ಕನ್ನಡದಲ್ಲಿ. ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿಬಿಡುತ್ತಿದ್ದಳು. ‘ನಮ್ಮಮ್ಮ ಬೇಗ ಬಾ ಅಂದಿದ್ದಾಳೆ’ ಅನ್ನುವುದಕ್ಕೆ “ಎಂಗಮ್ಮ ಬೇಗ ರಮ್ಮನಿ ಯೋಳವ್ಳೆ ಮೇಡಂ” ಅನ್ನುವಳು. ಒಂದು ವಾಕ್ಯಕ್ಕೆ ಒಂದೇ ಭಾಷೆ ಅಂತ ನಾನು ದಿನಾ ತಿದ್ದುತ್ತಿದ್ದೆ. ಪಾಠದ ಮಧ್ಯೆ ಮಾತಾಡಿದಳೆಂದು ಮೂರು ಸಲ ಜಾಗ ಬದಲಿಸಿ, ಕೊನೆಗೆ ನನ್ನ ಮೇಜಿನ ಪಕ್ಕದಲ್ಲೇ ಕೂರಿಸಿಕೊಂಡೆ.

ನನ್ನ ಈ ಹಟಕ್ಕೆ ಕಾರಣವಿತ್ತು. ನಾನು ಬೂದಿಕೋಟೆ ಹತ್ತಿರದ ಹಳ್ಳಿಯವಳು. ಟೀಚರ್ ತರಬೇತಿಯಲ್ಲಿ ಮೊದಲ ಪಾಠ ಮುಗಿಸಿ “ಎಲ್ರೂ ಓಗಿ ಬನ್ನಿ” ಅಂದಾಗ ಇಡೀ ತರಗತಿ ನಕ್ಕಿತ್ತು. ಆಮೇಲೆ ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ‘ಹ’ ಅಭ್ಯಾಸ ಮಾಡಿದ್ದೆ. ನನ್ನ ಮಕ್ಕಳಿಗೆ ಆ ನಗು ತಾಗಬಾರದು ಅಂತ ಇತ್ತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವಳ ಅಮ್ಮ ಬಂದಿದ್ದಳು. ವಾರವಿಡೀ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಮನೆಗೆಲಸ ಮಾಡಿ ಬರುವ ಹೆಂಗಸು. “ಇವ್ಳ ಬಾಯಿಗೆ ಬೀಗ ಇಲ್ಲ ಮೇಡಂ. ಅಲ್ಲೋಗಿ ಮಾನ ಕಳೀತಾಳೆ, ಪಕ್ಕದಾಗೇ ಇಟ್ಕೊಳಿ,” ಅಂದಳು. ನಾನೂ ಹೂಂ ಅಂದೆ.

ಶನಿವಾರ ಬೆಳಿಗ್ಗೆ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬೂದಿಕೋಟೆ ಬಸ್ಸು ಹಿಡಿದೆವು. ಶಿಬಿರ ಇದ್ದದ್ದು ದಾರಿಯಲ್ಲಿ, ಒಂದು ಬಂಡೆಗುಡ್ಡದ ಬುಡದಲ್ಲಿ. ಚಿಕ್ಕವಳಿದ್ದಾಗ ಸೌದೆ ಆಯಲು ನಾನು ಬರುತ್ತಿದ್ದ ಗುಡ್ಡದಂಥದ್ದೇ. ಆಂಧ್ರದ ಕಡೆಯ ಇನ್ನೊಂದು ಶಾಲೆಯ ಮಕ್ಕಳೂ ಬಂದಿದ್ದರು. ಮೊದಲ ದಿನ ಎರಡೂ ಶಾಲೆಯವರು ಎಣ್ಣೆ ನೀರಿನ ಹಾಗೆ ಬೇರೆ ಬೇರೆಯೇ ಕೂತು ಉಂಡರು.

ಭಾನುವಾರ ಬೆಳಿಗ್ಗೆ ಬಂಡೆ ಇಳಿಯುವ ಸರದಿ. ಎರಡಾಳೆತ್ತರಕ್ಕಿಂತ ಬಹಳ ಹೆಚ್ಚಿದ್ದ ಇಳಿಜಾರು ಬಂಡೆ. ಮೇಲಿಂದ ಎರಡು ಹಗ್ಗ ಬಿಟ್ಟಿದ್ದರು. ಒಂದರಲ್ಲಿ ನಮ್ಮ ಶಾಲೆಯವರು, ಇನ್ನೊಂದರಲ್ಲಿ ಅವರು. ಮಕ್ಕಳ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಹಗ್ಗಕ್ಕೆ ಸಿಕ್ಕಿಸಿ, ಮೇಲಿಂದ ಇಬ್ಬರು ತರಬೇತುದಾರರು ಮೆಲ್ಲಗೆ ಬಿಡುತ್ತಿದ್ದರು. ಒಂದೊಂದು ಹಗ್ಗದಲ್ಲಿ ಒಬ್ಬೊಬ್ಬರೇ ಹಿಮ್ಮುಖವಾಗಿ ಕಾಲೂರುತ್ತ ಬರಬೇಕು. ನಾನು ಕೆಳಗೆ ನಿಂತು ಇಳಿದವರ ಶಿರಸ್ತ್ರಾಣ ಬಿಚ್ಚುತ್ತಿದ್ದೆ.

ನಮ್ಮ ಮಾತಿನಮಲ್ಲಿ ಅರ್ಧ ಇಳಿದಿದ್ದಳು. ಪಕ್ಕದ ಹಗ್ಗದಲ್ಲಿ ಆ ಶಾಲೆಯ ಸಣಕಲು ಹುಡುಗಿಯೊಬ್ಬಳು, ಅವಳಿಗಿಂತ ಸ್ವಲ್ಪ ಮೇಲೆ, ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಬಂಡೆಯ ಸೀಳಿಗೆ ಎರಡೂ ಕೈಯ ಬೆರಳು ತೂರಿಸಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ, ಅಳು ಕೂಡ ಬಾರದೆ ನಡುಗುತ್ತಿದ್ದಳು. ಮೇಲಿನ ತರಬೇತುದಾರ ಉತ್ತರದ ಕಡೆಯ ಹುಡುಗ, ಒಳ್ಳೆಯವನು. ಹೆದರಬೇಡ, ಕೈ ಬಿಡು ಅಂತ ಹಿಂದಿಯಲ್ಲಿ ಮತ್ತೆ ಮತ್ತೆ ಹೇಳಿದ. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಅವನ ದನಿ ಎತ್ತರವಾದಷ್ಟೂ ಅವಳು ಕಲ್ಲಿಗೆ ಅಂಟಿಕೊಂಡಳು. ಅವರ ಮೇಷ್ಟ್ರು ಉಳಿದ ಮಕ್ಕಳ ಜೊತೆ ಕೆರೆಯ ಹತ್ತಿರ ಇದ್ದರು. ತೆಲುಗು ಕೇಳಿದರೆ ನನಗೆ ತಿಳಿಯುತ್ತದೆ, ಆದರೆ ಆಡಲು ಬರುವುದು ಬಸ್ಸಿನಲ್ಲಿ ಜಾಗ ಕೇಳುವಷ್ಟು.

ಆಗ ನಮ್ಮವಳು ತನ್ನ ಹಗ್ಗ ನಿಲ್ಲಿಸಲು ಕೈ ಎತ್ತಿದಳು.

“ಇಳಿಯಮ್ಮಾ ನೀನು, ಅವರು ನೋಡ್ಕೋತಾರೆ,” ಅಂತ ಕೆಳಗಿನಿಂದ ಕೂಗಿದೆ.

“ಅವ್ಳು ಇಳಿಯೋಗಂಟ ನಾನಿಳಿಯಲ್ಲ ಮೇಡಂ,” ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ಅವಳ ಮಾತು. ಧೈರ್ಯ ಗೀರ್ಯ ಅಂತ ಒಂದು ಸಲವೂ ಅನ್ನಲಿಲ್ಲ. “ಪೊದ್ದುನ ಏಮಿ ತಿನ್ನಾವು?” ಅಂದಳು. ಬೆಳಿಗ್ಗೆ ಇಬ್ಬರೂ ತಿಂದದ್ದು ಅದೇ ಶಿಬಿರದ ಉಪ್ಪಿಟ್ಟು! ಉಪ್ಪಿಟ್ಟಿನಲ್ಲಿ ತನಗೆ ಸಿಕ್ಕ ಮೆಣಸಿನಕಾಯಿಯ ಕತೆ ಹೇಳಿದಳು. ತಮ್ಮ ಮನೆಯ ಹುಂಜ ಪಕ್ಕದ ಲೈನಿನವರ ಸೂರು ಹತ್ತಿ ಇಳಿಯಲಾರದೆ ಕೂತ ಕತೆ ಹೇಳಿದಳು. ನಿಮ್ಮ ಮನೇಲಿ ಏನಿದೆ, ಹುಂಜವೋ ನಾಯಿಯೋ ಅಂತ ಕೇಳಿದಳು. ತೆಲುಗು, ನಡುವೆ ತಮಿಳು, ಮಾತು ತಡೆದಾಗ ಕನ್ನಡ.

ಬಹಳ ಹೊತ್ತಾದ ಮೇಲೆ ಕಲ್ಲಿನ ಕಡೆಯಿಂದ ಒಂದೇ ಮಾತು ಬಂತು. “ಮೇಕ.”

“ಮೇಕೆನಾ! ಬಂಡೆ ಇಳೀತದಾ ನಿನ್ ಮೇಕೆ?” ಅಂತ ತೆಲುಗಿನಲ್ಲೇ ಕೇಳಿದಳು ನಮ್ಮವಳು.

ಇಳಿಯುತ್ತದೆ ಅಂದಳು ಆ ಹುಡುಗಿ. ಕಾಲು ಎಲ್ಲಿಡುತ್ತದೆ ಅಂದರೆ, ನೋಡಿ ನೋಡಿ ಇಡುತ್ತದೆ ಅಂದಳು. ಹೇಳುವಾಗ ಕೆನ್ನೆ ಕಲ್ಲಿನಿಂದ ಬಿಟ್ಟಿತ್ತು. “ಸರಿ, ನೀನೂ ನೋಡು. ಕುಡಿ ಕಾಲು ಕೆಳಗೆ ಒಂದು ಗುಳಿ ಐತೆ,” ಅಂದಳು ನಮ್ಮವಳು. ತೆಲುಗಿನಲ್ಲಿ ‘ಕುಡಿ’ ಅಂದರೆ ಬಲ. ಬಲಗಾಲು ಇಳಿಯಿತು. ಆಮೇಲೆ ಒಂದು ಕೈ. ಆಮೇಲೆ ಎಡಗಾಲು. ಮೇಲಿನ ಹುಡುಗ ಈಗ ಬಾಯಿ ಮುಚ್ಚಿ, ಇವಳು ತಲೆಯಾಡಿಸಿದಾಗ ಮಾತ್ರ ಹಗ್ಗ ಬಿಡುತ್ತಿದ್ದ. ಇಬ್ಬರೂ ಜೊತೆಜೊತೆಗೆ ಇಳಿದರು, ಒಂದು ಗೇಣು ಹೆಚ್ಚು ಕಡಿಮೆಯಾಗದ ಹಾಗೆ.

ನೆಲ ಮುಟ್ಟಿದ ಮೇಲೆಯೇ ಆ ಹುಡುಗಿ ಅತ್ತದ್ದು. ಅತ್ತು ಮುಗಿಸಿ, ನಮ್ಮವಳ ಕೈ ಹಿಡಿದುಕೊಂಡೇ ನೀರು ಕುಡಿಯಲು ಹೋದಳು.

ವಾಪಸು ಬಂದ ಮೇಲೆ ನಮ್ಮವಳ ಪಟ್ಟಿ ಬಿಚ್ಚುವಾಗ ನೋಡಿದೆ. ಅಷ್ಟು ಹೊತ್ತು ನೇತಾಡಿದ್ದಕ್ಕೆ ತೊಡೆ ಕೆಂಪಗೆ ಬಾಸುಂಡೆ ಎದ್ದಿತ್ತು. “ನೋಯ್ತಿತ್ತಾ?” ಅಂದೆ. “ಇಲ್ಲ ಮೇಡಂ. ಮಾತಾಡ್ತಾ ಇದ್ದೆ, ಗೊತ್ತಾಗ್ಲಿಲ್ಲ.” ಶಿಬಿರದವರ ಹತ್ತಿರ ಮುಲಾಮು ಇಸಕೊಂಡು ನಾನೇ ಹಚ್ಚಿದೆ. ಇಷ್ಟು ದಿನ ನಾನು ಆ ಬಾಯಿ ಮುಚ್ಚಿಸಲು ನೋಡಿದ್ದೆನಲ್ಲ ಅಂತ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ದೊಡ್ಡದಾಗಿ ಇನ್ನೇನೋ ಎದೆಯಲ್ಲಿ ತುಂಬಿಕೊಳ್ಳುತ್ತಿತ್ತು. ಕೆರೆಯಿಂದ ಓಡಿ ಬಂದ ಮೇಷ್ಟ್ರು “ಯಾರ ಹುಡುಗಿ ಇವಳು?” ಅಂದಾಗ, “ನಮ್ಮ ಶಾಲೆಯವಳು, ನನ್ನ ತರಗತಿಯವಳು,” ಅಂತ ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ.

ತರಬೇತುದಾರರು ಆಮೇಲೆ ಅವಳನ್ನು ಬಂಡೆಯ ಕೆಳಗೆ ನಿಲ್ಲಿಸಿಕೊಂಡರು. ಉಳಿದ ಅಷ್ಟೂ ಮಕ್ಕಳಿಗೆ ಅವಳೇ ಕೂಗಿ ದಾರಿ ಹೇಳಿದಳು. ಮಧ್ಯಾಹ್ನದ ಊಟಕ್ಕೆ ಎರಡು ಶಾಲೆಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತರು. ಬಡಿಸುವವರಿಗೆ ಯಾರು ಯಾವ ಶಾಲೆ ಅಂತ ತಿಳಿಯಲಿಲ್ಲ.

ಸಂಜೆ ಊರಿಗಾಂ ಸ್ಟೇಷನ್ನಿನಲ್ಲಿ ಅವಳ ಅಮ್ಮ ಕಾಯುತ್ತಿದ್ದಳು. ನನ್ನನ್ನು ಕಂಡೊಡನೆ, ದೂರು ಕೇಳಲು ತಯಾರಾದವಳ ಹಾಗೆ, ಸೆರಗು ಸರಿಮಾಡಿಕೊಂಡಳು. ನಾನು ನಡೆದದ್ದನ್ನೆಲ್ಲ ಹೇಳಿದೆ.

“ಇವ್ಳಾ ಮೇಡಂ?” ಅಂದಳು.

“ಇವಳೇ.”

“ನಿಜ್ವಾಗ್ಲೂ ಇವ್ಳಾ?”

ಮಗಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಬೆಂಚಿನಲ್ಲಿ ಕೂತಿದ್ದ, ಗುರುತೇ ಇಲ್ಲದ ಇಬ್ಬರು ಹೆಂಗಸರ ಕಡೆ ತಿರುಗಿ ತಮಿಳಿನಲ್ಲಿ ಹೇಳತೊಡಗಿದಳು. ‘ಎನ್ ಪೊಣ್ಣು’, ನನ್ನ ಹುಡುಗಿ, ಅನ್ನುವುದಷ್ಟೇ ನನಗೆ ಸ್ಪಷ್ಟವಾಗಿ ಕೇಳಿಸಿತು. ಮಗಳು ನಡುನಡುವೆ ಬಾಯಿ ಹಾಕಿ ಬಿಟ್ಟುಹೋದದ್ದನ್ನು ಸೇರಿಸುತ್ತಿದ್ದಳು.

ಸೋಮವಾರ ತರಗತಿಯಲ್ಲಿ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಶಿಬಿರದ ಕತೆ ನಿನ್ನ ಮಾತಲ್ಲೇ ಹೇಳು ಅಂದೆ. ಒಂದು ಪೀರಿಯಡ್ ಪೂರ್ತಿ ಹೇಳಿದಳು. ನಾನು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತು ಕೇಳಿದೆ, ಎಲ್ಲೂ ತಿದ್ದಲಿಲ್ಲ.