ಒಂದೇ ಡಿಸ್ಕಿಗೆ ಎರಡು ಪಟ್ಟಿ

ನಮ್ಮ ಅಡುಗೆಮನೆಯಲ್ಲಿ ಕಾಫಿಪುಡಿ ಎಂದು ಚೀಟಿ ಅಂಟಿಸಿದ ಡಬ್ಬದಲ್ಲಿ ಮೆಂತ್ಯವಿದೆ, ಮೆಂತ್ಯದ ಚೀಟಿಯಿರುವುದರಲ್ಲಿ ಹುಣಸೆಹಣ್ಣಿದೆ, ಹುಣಸೆಹಣ್ಣಿನದರಲ್ಲಿ ಏನಿದೆಯೆಂದು ತೆರೆದು ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಚೀಟಿ ಅಂಟಿಸಿದವನು ನಾನು, ಡಬ್ಬ ತುಂಬುವವಳು ನನ್ನ ಹೆಂಡತಿ. ಅವಳು ಎತ್ತಲೋ ನೋಡುತ್ತ ಕೈಹಾಕಿದರೂ ಬೇಕಾದದ್ದೇ ಸಿಗುತ್ತದೆ. ನಾನು ಓದಿ, ಖಚಿತಪಡಿಸಿಕೊಂಡು ಕೈಹಾಕಿದರೆ ಕಾಫಿ ಕಹಿಯಾಗುತ್ತದೆ. ಬರೆದಿಟ್ಟದ್ದನ್ನು ನಂಬುವವರಿಗೆ ಸಂಸಾರದಲ್ಲಿ ಸಿಗುವ ಮರ್ಯಾದೆ ಇಷ್ಟೇ.

ನನ್ನ ಕಸುಬು ಮಾತ್ರ ಬರೆದಿಟ್ಟದ್ದನ್ನು ನಂಬಿಯೇ ನಡೆಯಬೇಕಾದದ್ದು. ಹುಲಿಯೂರುದುರ್ಗದಿಂದ ಬರಿಗೈಯಲ್ಲಿ ಬಂದು, ಅಂತರಸನಹಳ್ಳಿಯ ಕಾರ್ಖಾನೆಗಳು ಸಾಕೆಂದು ಬಿಟ್ಟ ಕಂಪ್ಯೂಟರುಗಳನ್ನು ಕೊಳ್ಳುವಾಗ ಅವುಗಳ ರೋಗಗಳನ್ನೂ, ಮಾರುವಾಗ ಅವುಗಳ ಗುಣಗಳನ್ನೂ ಒಂದೇ ಗಾಂಭೀರ್ಯದಿಂದ ವರ್ಣಿಸುತ್ತ, ತುಮಕೂರಿನಲ್ಲಿ ಒಂದು ಅಂಗಡಿ, ಒಂದು ಮನೆ ಮಾಡಿಕೊಂಡವನು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಸಲಹೆಯನ್ನಂತೂ ಕೇಳದೆಯೇ ಕೊಡುತ್ತೇನೆ, ಪುಕ್ಕಟೆ. ನಿಮಗೂ ಒಂದು ಕೊಟ್ಟುಬಿಡುತ್ತೇನೆ: ಒಂದೇ ಮನೆಯಲ್ಲಿ ಇಬ್ಬರು ಒಂದೇ ವಸ್ತುವನ್ನು ಬಳಸುವುದಾದರೆ, ಪ್ರೀತಿಯಿರುವಾಗಲೇ ನಡುವೆ ಗೆರೆ ಎಳೆದುಬಿಡಿ.

ಈ ಸಲಹೆಯನ್ನೇ ನಾನು ಗುಬ್ಬಿಯ ಇಬ್ಬರು ವಾರಗಿತ್ತಿಯರಿಗೆ ಕೊಟ್ಟಿದ್ದೆ. ಅಣ್ಣನ ಹೆಂಡತಿ ಗಿರಿಜಮ್ಮ ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯಿಡರಿ ಯಂತ್ರವಿಟ್ಟುಕೊಂಡು ಮದುವೆ ಹೆಣ್ಣುಗಳ ರವಿಕೆಗೆ ನವಿಲು, ಬಳ್ಳಿ, ಮಾವಿನಕಾಯಿ ಬುಟ್ಟಾಗಳನ್ನು ತಾವೇ ರಚಿಸಿ ಹೊಲಿಯುವವರು. ಆ ಕೆಲಸದ ಸಾಫ್ಟ್‌ವೇರು ಹಳೆಯ ವಿಂಡೋಸಿನಲ್ಲಲ್ಲದೆ ಬೇರೆಲ್ಲೂ ಕಾಲೂರುವುದಿಲ್ಲ. ತಮ್ಮನ ಹೆಂಡತಿ ಸುಮಾ ಶಾಲೆಯ ಟೀಚರು. ಆಕೆಯ ಪ್ರಶ್ನೆಪತ್ರಿಕೆಗಳೆಲ್ಲ ಲಿನಕ್ಸೆಂಬ ಇನ್ನೊಂದು ವ್ಯವಸ್ಥೆಯಲ್ಲಿ. ಇಬ್ಬರಿಗೂ ಸೇರಿ ಲ್ಯಾಪ್‌ಟಾಪ್ ಒಂದೇ. ಕುಣಿಗಲ್ಲಿನ ಸ್ಟುಡಿಯೊ ಒಂದರಿಂದ ನಾನೇ ತಂದ ಮಾಲು. ಅದರ ಡಿಸ್ಕನ್ನು ಪಾಲು ಮಾಡಿ, ಎರಡು ವ್ಯವಸ್ಥೆಗಳನ್ನೂ ಕೂರಿಸಿ, ಗಿರಿಜಮ್ಮನ ಡಿಸೈನುಗಳಿಗೆಂದೇ ಬೇರೆ ಕೋಣೆಯೊಂದನ್ನು ಮಾಡಿಕೊಟ್ಟು, ಇನ್ನು ನಿಮಗೆ ಮನಸ್ತಾಪದ ಭಯವಿಲ್ಲ ಎಂದು ಹರಸಿ ಕಳಿಸಿದ್ದೆ.

ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಿ. ಡಿಸ್ಕಿನೊಳಗೆ ನಿಜವಾದ ಗೋಡೆಗಳಿಲ್ಲ. ಯಾರ ಪಾಲು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಅದರ ತಲೆಭಾಗದಲ್ಲಿ ಬರೆದಿಟ್ಟ ಒಂದು ಪಟ್ಟಿ ಇರುತ್ತದೆ, ಅಷ್ಟೆ. ಹಳೆಯ ಕಾಲದ ಪಟ್ಟಿ ಚಿಕ್ಕದು, ಹೊಸ ಕಾಲದ್ದು ಉದಾರವಾದದ್ದು. ಹಳೆಯ ವಿಂಡೋಸು ಹಳೆಯದನ್ನು ಮಾತ್ರ ಓದುತ್ತದೆ, ಸುಮಾಳ ಲಿನಕ್ಸು ಹೊಸದನ್ನು. ಆದ್ದರಿಂದ ಇಬ್ಬರನ್ನೂ ಒಂದೇ ಸೂರಿನಡಿ ಬಾಳಿಸಬೇಕಾದರೆ ಎರಡೂ ಪಟ್ಟಿಗಳನ್ನಿಟ್ಟು, ಎರಡರಲ್ಲೂ ಒಂದೇ ಮಾತು ಬರೆದಿರುವಂತೆ ನೋಡಿಕೊಳ್ಳಬೇಕು. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಅವೆರಡನ್ನು ತಾಳೆ ಮಾಡುವ ಪುಟ್ಟ ಪ್ರೋಗ್ರಾಮು ಬೇರೆಯೇ ಇದೆ, ಅದನ್ನು ನೆನಪಿಟ್ಟು ನಾವೇ ನಡೆಸಬೇಕು. ಅಳಿಯನಿಗೆ ಒಂದು, ಬೀಗರಿಗೆ ಇನ್ನೊಂದು ಹೇಳಿ ಮದುವೆ ದಾಟಿಸಿದವರಿಗೆ ಈ ತಾಂತ್ರಿಕ ವಿಚಾರವನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಒಂದು ಬೆಳಿಗ್ಗೆ ಗಿರಿಜಮ್ಮನ ಫೋನು ಬಂತು. ಡಿಸೈನುಗಳ ಕೋಣೆ ತೆರೆಯುತ್ತಿಲ್ಲ; ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿಂಡೋಸು ಬಹಳ ವಿನಯದಿಂದ ಕೇಳುತ್ತಿದೆ. ಪಕ್ಕದ ಮನೆಯವರು ಹೂಂ ಅನ್ನಿ, ಎಲ್ಲ ಸರಿಹೋಗುತ್ತದೆ ಅಂದರಂತೆ. ಹೂಂ ಅಂದರೆ ಎಲ್ಲ ಅಳಿಸಿಹೋಗುತ್ತದೆ, ಏನನ್ನೂ ಒತ್ತದೆ ಮುಚ್ಚಿ ತನ್ನಿ ಎಂದೆ. ಬೇರೆ ಕಡೆ ಕಾಪಿ ಇಟ್ಟಿದ್ದೀರಾ ಎಂದು ಕೇಳಿದ್ದಕ್ಕೆ, "ಕಾಪಿ ಯಾಕಣ್ಣ, ಮನೇಲೇ ಇತ್ತಲ್ಲ" ಅಂದರು. ಇಷ್ಟು ವರ್ಷ ಕೂತು ರಚಿಸಿದ ಚಿತ್ರಗಳೆಲ್ಲ ಅದರಲ್ಲೇ. ಅವು ಹೋದರೆ ಮದುವೆ ಹೆಣ್ಣುಗಳಿಗೆ ಕೊಟ್ಟ ಮಾತೂ ಹೋಯಿತು, ಕಸುಬೂ ಹೋಯಿತು.

ಬಸ್ಸಿನಲ್ಲಿ ಇಬ್ಬರೂ ಬಂದರು. ಗಿರಿಜಮ್ಮ ಲ್ಯಾಪ್‌ಟಾಪನ್ನು ಜ್ವರ ಬಂದ ಮಗುವಿನಂತೆ ಸೆರಗಿನೊಳಗೆ ಹಿಡಿದಿದ್ದರು. ಯಾರಾದರೂ ಏನಾದರೂ ಬದಲಾಯಿಸಿದಿರಾ ಎಂದು ಕೇಳಿದೆ. ಈ ಪ್ರಶ್ನೆಗೆ ನನ್ನ ಅಂಗಡಿಯಲ್ಲಿ ಇದುವರೆಗೆ ಬಂದಿರುವುದು ಒಂದೇ ಉತ್ತರ: ಇಲ್ಲ. ಗಿರಿಜಮ್ಮನಿಂದಲೂ ಅದೇ ಬಂತು. ಸುಮಾ ಮಾತ್ರ ಗೋಡೆಯ ಕ್ಯಾಲೆಂಡರನ್ನು ಅಭ್ಯಾಸ ಮಾಡುತ್ತಿದ್ದಳು.

ಪೆನ್‌ಡ್ರೈವಿನಿಂದ ಯಂತ್ರವನ್ನೆಬ್ಬಿಸಿ ಎರಡೂ ಪಟ್ಟಿಗಳನ್ನು ಪರದೆಯ ಮೇಲೆ ತಂದೆ. ಜಗಳ ಅಲ್ಲೇ ಕಂಡಿತು. ಹಳೆಯ ಪಟ್ಟಿಯಲ್ಲಿ ನಾನು ಎಳೆದ ಗೆರೆ ನಾನು ಎಳೆದಲ್ಲೇ ಇತ್ತು. ಹೊಸದರಲ್ಲಿ ಲಿನಕ್ಸಿನ ಪಾಲು ಕುಗ್ಗಿ, ಡಿಸೈನಿನ ಕೋಣೆ ಹಿಗ್ಗಿತ್ತು. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತೀರ್ಮಾನಿಸಿ, ನಿಜವಾದದ್ದನ್ನು ಇನ್ನೊಂದರ ಮೇಲೆ ಬರೆಯಬೇಕು.

ನನಗೆ ಅದೇನು ಕಷ್ಟದ ತೀರ್ಮಾನವಲ್ಲ. ಬೇಲಿ ಸರಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ; ಎಲ್ಲರೂ ಆಚೆಗೇ ಸರಿಸುತ್ತಾರೆ. ತನ್ನ ಬೇಲಿಯನ್ನು ಒಳಕ್ಕೆಳೆದುಕೊಂಡು ಪಕ್ಕದವರಿಗೆ ಜಾಗ ಬಿಟ್ಟವರನ್ನು ಈ ತಾಲೂಕಿನಲ್ಲಾಗಲಿ ಪಕ್ಕದ್ದರಲ್ಲಾಗಲಿ ಕಂಡಿಲ್ಲ. ಹೊಸ ಪಟ್ಟಿ ಲಿನಕ್ಸಿನ ಕೈಗಷ್ಟೇ ಎಟುಕುವುದು, ಕುಗ್ಗಿರುವುದೂ ಲಿನಕ್ಸಿನ ಪಾಲೇ. ಅಂದಮೇಲೆ ಹೊಸ ಪಟ್ಟಿಯೇ ಕೆಟ್ಟಿರಬೇಕು. ಮನುಷ್ಯಸ್ವಭಾವವನ್ನು ಬಲ್ಲವನ ನೆಮ್ಮದಿಯಿಂದ, ಹಳೆಯ ಗೆರೆಯನ್ನೇ ಹೊಸದಕ್ಕೂ ಬರೆಯುತ್ತೇನೆ ಎಂದು ಅವರಿಗೆ ವಿವರಿಸುತ್ತ ಕೀಲಿಯ ಮೇಲೆ ಬೆರಳಿಟ್ಟೆ.

"ಅಣ್ಣ, ಒಂದ್ನಿಮಿಷ ತಡೀರಿ," ಅಂದಳು ಸುಮಾ. "ಹೊಸದೇ ಸರಿ."

ಗಿರಿಜಮ್ಮ ಅವಳ ಕಡೆ ತಿರುಗಿದರು.

"ಅಕ್ಕಂಗೆ ಜಾಗ ಸಾಲ್ತಿರ್ಲಿಲ್ಲ. ದಿನಾ ಒಂದೊಂದು ಹಳೇ ಡಿಸೈನು ಅಳಿಸ್ತಾ ಕೂತಿರೋರು. ನಂದು ಖಾಲಿ ಬಿದ್ದಿತ್ತು. ಲಿನಕ್ಸಲ್ಲಿ ಕೂತು ಒಸಿ ಸರಿಸ್ದೆ."

"ನನ್ನನ್ನ ಒಂದ್ ಮಾತು ಕೇಳಕ್ಕೇನಾಗಿತ್ತೇ ನಿಂಗೆ?"

"ಕೇಳಿದ್ರೆ ಬ್ಯಾಡ ಅಂತಿದ್ರಿ ಕಣಕ್ಕ."

ಆ ಮನೆಯ ರೀತಿಯೇ ಹಾಗಂತೆ, ಆಮೇಲೆ ತಿಳಿಯಿತು. ಊಟಕ್ಕೆ ಕೂತಾಗ ಒಬ್ಬರ ತಟ್ಟೆಗೆ ಇನ್ನೊಬ್ಬರು ಬಡಿಸುವುದು ಅವರು ಅತ್ತ ತಿರುಗಿದಾಗಲೇ. ಹೇಳಿ ಬಡಿಸಿದರೆ ಕೈ ಅಡ್ಡ ಬರುತ್ತದೆ. ಅದೇ ರೂಢಿಯನ್ನು ಸುಮಾ ಡಿಸ್ಕಿಗೂ ತಂದಿದ್ದಳು. ಹೊಸ ಪಟ್ಟಿಗೆ ಆ ದಾನ ಗೊತ್ತಾಯಿತು, ಹಳೆಯ ಪಟ್ಟಿಗೆ ಯಾರೂ ಹೇಳಲಿಲ್ಲ. ವಿಂಡೋಸು ಹಳೆಯ ಬಾಗಿಲಲ್ಲೇ ಹೋಗಿ ತಟ್ಟಿ, ಮನೆಯೇ ಇಲ್ಲವೆಂದು ಹೇಳಿತು. ನಾನು ನನ್ನ ಲೋಕಾನುಭವವನ್ನು ನಂಬಿ ಆ ಕೀಲಿ ಒತ್ತಿದ್ದರೆ, ಬಿಟ್ಟುಕೊಟ್ಟ ಜಾಗವನ್ನು ಲಿನಕ್ಸು ಮತ್ತೆ ತನ್ನದೆಂದು ತಿಳಿದು, ಗಿರಿಜಮ್ಮನ ನವಿಲುಗಳ ಮೇಲೆ ಐದನೇ ತರಗತಿಯ ಗಣಿತದ ಪ್ರಶ್ನೆಗಳನ್ನು ಬರೆದಿರುತ್ತಿತ್ತು. ಇಬ್ಬರೂ ಬದ್ಧವೈರಿಗಳಾಗಿದ್ದರೆ ಡಿಸ್ಕಿಗೆ ಯಾವ ಅಪಾಯವೂ ಇರಲಿಲ್ಲ ಎಂಬುದನ್ನು ಗಮನಿಸಿ. ದ್ವೇಷವಿರುವ ಕಡೆ ಗಡಿಗಳು ಎಷ್ಟು ಅಚ್ಚುಕಟ್ಟಾಗಿರುತ್ತವೆ! ನಮ್ಮ ಯಂತ್ರಗಳೂ ಕಾಯಿದೆಗಳೂ ಕಿತ್ತುಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದವು. ಸದ್ದಿಲ್ಲದೆ ಬಿಟ್ಟುಕೊಡುವವರು ಅಡ್ಡ ಬಂದರೆ ಅವುಗಳಿಗೆ ದಿಕ್ಕು ತೋಚುವುದಿಲ್ಲ. ನನಗೂ ತೋಚಲಿಲ್ಲ.

ಹಳೆಯ ಪಟ್ಟಿಯನ್ನು ಹೊಸದಕ್ಕೆ ತಾಳೆ ಮಾಡಿ ವಿಂಡೋಸು ತೆರೆದೆ. ಕೋಣೆ ತೆರೆಯಿತು, ನವಿಲು, ಬಳ್ಳಿ, ಬುಟ್ಟಾ, ಎಲ್ಲವೂ ಇದ್ದವು. ಗಿರಿಜಮ್ಮ ಒಂದೊಂದನ್ನೂ ತೆರೆದು ನೋಡಿ ಕಣ್ಣೊರೆಸಿಕೊಂಡರು. ಆ ಮೇಲೆ ಶುರುವಾಯಿತು ನನ್ನ ಅಂಗಡಿ ಎಂದೂ ಕಾಣದ ಚೌಕಾಸಿ. ಅವಳ ಜಾಗ ಅವಳಿಗೆ ಹಾಕಿ ಎಂದು ಇವರು, ನನಗೆ ಬೇಡವೇ ಬೇಡ ಎಂದು ಅವಳು. ಇಬ್ಬರೂ ಕಡಿಮೆಗೇ ಕೂಗುವ ಹರಾಜು ನಡೆಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಗಂಟಲು ಸರಿಪಡಿಸಿಕೊಂಡು, ಇರುವುದು ಇರುವ ಹಾಗೇ ಇರಲಿ, ಇನ್ನು ಮುಂದೆ ಕೊಡುವುದೇನಿದ್ದರೂ ಒಬ್ಬರಿಗೊಬ್ಬರು ಹೇಳಿಯೇ ಕೊಡಿ ಎಂದು ಸಲಹೆಯಿತ್ತೆ. ಇಬ್ಬರೂ ಬಹಳ ವಿಧೇಯವಾಗಿ ತಲೆಯಾಡಿಸಿದರು.

ಸುಮಾ ಬಸ್ಸು ನೋಡಲು ರಸ್ತೆಗಿಳಿದಳು. ಗಿರಿಜಮ್ಮ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದು, ದನಿ ತಗ್ಗಿಸಿ, ಅರ್ಧವನ್ನಾದರೂ ಅವಳ ಕಡೆಗೆ ವಾಪಸು ಸರಿಸಲು ಬರುತ್ತದೆಯೇ ಎಂದು ಕೇಳಿದರು.

"ಆಗುತ್ತೆ ಕಣಮ್ಮ. ಆದ್ರೆ ಎರಡು ಪಟ್ಟಿಗೂ ಗೊತ್ತಾಗ್ಲೇಬೇಕು."

"ಪಟ್ಟಿಗ್ ಗೊತ್ತಾದ್ರೆ ಆಗ್ಲಿ ಬುಡಣ್ಣ," ಅಂದರು ಗಿರಿಜಮ್ಮ. "ಅವ್ಳಿಗ್ ಗೊತ್ತಾಗೋದು ಬ್ಯಾಡ."