ಎರಡು ಬೆರಳಗಲದ ಕಟ್ಟಿಗೆ

ತೊರಗಲ್ಲಿನ ಸಾವಂತ್ರೆವ್ವನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಬಂದೂಕಿನ ಲೈಸೆನ್ಸ್ ಬಂತು. ಗಂಡ ಭೀಮಶಿ ತೀರಿಕೊಂಡ ಮೇಲೆ ಅವನ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಎರಡು ವರ್ಷ ಪೊಲೀಸ್ ಠಾಣೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಲೈಸೆನ್ಸಿಗೆ ಅರ್ಜಿ ಬರೆದುಕೊಟ್ಟವನು ಪಕ್ಕದ ಮನೆಯ ಮಾಸ್ತರನಾದ ನಾನೇ. ಬರೆಯುವಾಗ ಒಳಗೊಳಗೇ ನಕ್ಕಿದ್ದೆ, ಸುಳ್ಳೇಕೆ ಹೇಳಲಿ.

ಕೋಟೆಗುಡ್ಡದ ಬುಡದಲ್ಲಿ ಅವಳ ಗೋವಿನಜೋಳದ ಹೊಲ. ಹಂದಿ ಇಳಿದರೆ ಗಾಳಿಗೆ ಒಂದು ಗುಂಡು ಹಾರಿಸಬೇಕು, ಅಷ್ಟೇ ಕೆಲಸ. ಆದರೆ ಬಂದೂಕು ಮನೆಗೆ ಬಂದ ದಿನ ಅದನ್ನು ಹೆಗಲಿಗೆ ಏರಿಸಲು ಹೋದಳು, ನಳಿಗೆಯ ತುದಿ ಬಾಗಿ ನೆಲ ನೋಡಿತು. ಕಟ್ಟೆಯ ಮೇಲಿದ್ದ ಮೈದುನ ಸುಭಾಸ, "ಇದು ನಿಮ್ಮ ಕೈಲೆ ಆಗೂದಲ್ಲರಿ ವೈನಿ. ನನ್ನ ಹೆಸರಿಗೆ ಮಾಡಸ್ರಿ" ಎಂದ. ಅವನಿಗೆ ಹೊಲದ ಚಿಂತೆಯೇನೂ ಇರಲಿಲ್ಲ. ಬಂದೂಕು ಹೆಗಲಿಗೇರಿಸಿಕೊಂಡು ಊರಲ್ಲಿ ಗತ್ತಿನಿಂದ ತಿರುಗುವ ಆಸೆ.

"ಎಂಟ ದಿನ ತಡಿ. ನನಗ ಎತ್ತಾಕ ಆಗಲಿಲ್ಲಂದ್ರ ನೀನ ತಗೋ" ಎಂದಳು ಸಾವಂತ್ರೆವ್ವ.

ಮರುದಿನ ಬಂದೂಕನ್ನು ಕೌದಿಯಲ್ಲಿ ಸುತ್ತಿಕೊಂಡು ನನ್ನ ಬೈಕಿನ ಹಿಂದೆ ಕುಳಿತಳು. ಸವದತ್ತಿ ದಾಟಿ ಬೈಲಹೊಂಗಲಕ್ಕೆ ಹೋದೆವು. ಅಲ್ಲಿ ಭೀಮಶಿ ಮೊದಲಿನಿಂದ ಹೋಗುತ್ತಿದ್ದ ಬುರಾನಸಾಬನ ಬಂದೂಕು ರಿಪೇರಿ ಅಂಗಡಿ.

"ಹಗರ ಇದ್ದದ್ದು ತೋರಸ್ರಿ. ಇದನ್ನ ಕೊಟ್ಟು ಬದಲಿ ತಗೋತೇನಿ" ಎಂದಳು ಸಾವಂತ್ರೆವ್ವ.

ಬುರಾನಸಾಬ ಭೀಮಶಿಯ ಬಂದೂಕನ್ನು ತೂಗುಕಾಟಾಕ್ಕೆ ನೇತುಹಾಕಿದ. ಮೂರೂಕಾಲು ಕಿಲೋ. ಆಮೇಲೆ ಇಪ್ಪತ್ತು ಬೋರಿನದೊಂದು. ಎರಡೂಮುಕ್ಕಾಲು.

"ನಂಬರ್ ಏರಿದಂಗ ತೂಕ ಇಳೀತೈತ್ರಿ ಅಕ್ಕಾರ. ಒಂದ ಪೌಂಡ್ ಸೀಸದಾಗ ಹನ್ನೆರಡು ಗುಂಡು ಮಾಡಿದ್ರ ಅಂಥಾ ಗುಂಡು ಹಿಡಿಯೋ ನಳಿಗಿ ಇದು. ಇಪ್ಪತ್ತು ಮಾಡಿದ್ರ ಗುಂಡೂ ಸಣ್ಣದು, ನಳಿಗೀನೂ ಸಣ್ಣದು." ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಈ ಲೆಕ್ಕ ಗೊತ್ತಿರಲಿಲ್ಲ.

ಇಪ್ಪತ್ತು ಬೋರಿನದು ಅವಳ ಹೆಗಲಿಗೆ ಸಲೀಸಾಗಿ ಏರಿತು. ಮುಖ ಮಾತ್ರ ಅರಳಲಿಲ್ಲ.

"ಹದಿನೈದು ಕಿಲೋ ಕೊಡ ಹೊತ್ತು ಗುಡ್ಡ ಏರತೇನ್ರಿ ನಾ. ಅರ್ಧ ಕಿಲೋ ಸಲುವಾಗಿ ಅವರದನ್ನ ಬಿಡ್ಲೇನು?"

ಬುರಾನಸಾಬ ಹಳೆಯ ಬಂದೂಕನ್ನು ಮತ್ತೆ ಅವಳ ಕೈಗೆ ಕೊಟ್ಟು, ಅವಳು ಎತ್ತುವುದನ್ನು ಪಕ್ಕದಿಂದ ನೋಡಿದ.

"ಕೊಡ ಟೊಂಕಕ್ಕ ಅಂಟಿಕೊಂಡಿರತೈತಿ. ಇದರ ಭಾರ ನಿಮ್ಮಿಂದ ದೂರ ಐತಿ. ಯಜಮಾನ್ರು ಎತ್ತರ ಇದ್ರು, ಅವರ ಅಳತಿ ಇದು. ಹಿಂದಿನ ಕಟ್ಟಿಗಿ ಎರಡ ಬೆರಳಷ್ಟ ಕೊಯ್ದ್ರ ಭಾರ ಮೈ ಹತ್ತರ ಬರತೈತಿ. ಆದ್ರ ಕೊಯ್ದ ಮ್ಯಾಲ ತಿರುಗಿ ಮೊದಲಿನಂಗ ಆಗೂದಿಲ್ಲ."

ಭೀಮಶಿಯ ಹೆಗಲು ತಾಗಿ ತಾಗಿ ಆ ಕಟ್ಟಿಗೆಯ ತುದಿ ನುಣ್ಣಗಾಗಿತ್ತು. ಸಾವಂತ್ರೆವ್ವ ಅದರ ಮೇಲೆ ಅಂಗೈ ಆಡಿಸಿದಳು. ಬೇಡವೆನ್ನುತ್ತಾಳೆ ಅಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದರೆ ಬೇಡವೆನ್ನುತ್ತಿದ್ದೆ.

"ಕೊಯ್ರಿ" ಎಂದಳು.

ಗರಗಸ ಆಡುವಷ್ಟು ಹೊತ್ತು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಆಮೇಲೆ ತೂಗಿದರೆ ನೂರು ಗ್ರಾಂ ಇಳಿದಿದ್ದರೆ ಹೆಚ್ಚು. ಆದರೆ ಈ ಸಲ ಎತ್ತಿದಾಗ ನಳಿಗೆ ಬಾಗಲಿಲ್ಲ.

ಕೊಯ್ದ ತುಂಡನ್ನು ಬುರಾನಸಾಬ ಅವಳ ಕೈಯಲ್ಲಿಟ್ಟ. "ಅವರ ಕೈ ನನಗಿಂತ ಇಷ್ಟ ಉದ್ದ ಇತ್ತು ನೋಡ್ರಿ ಮಾಸ್ತರ್ರ" ಎಂದು ತೋರಿಸುತ್ತ ಸಾವಂತ್ರೆವ್ವ ಅತ್ತಳು. ಎರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅರ್ಜಿ ಬರೆಯುವಾಗ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಎಂಟನೆಯ ದಿನ ಸುಭಾಸ ತಪ್ಪದೆ ಬಂದ. ಮೂಲೆಯಲ್ಲಿದ್ದ ಖಾಲಿ ಬಂದೂಕನ್ನು ಎತ್ತಿ ಹೆಗಲಿಗೆ ಇಟ್ಟುಕೊಂಡ. ಅವನೂ ಅಣ್ಣನಷ್ಟೇ ಎತ್ತರದ ಆಳು. ಮೊಣಕೈ ಮುದುಡಿ, ಹೆಬ್ಬೆರಳು ಮೂಗಿಗೆ ಬಡಿಯಿತು.

"ಗಿಡ್ಡ ಆಗೈತಲ್ರಿ ವೈನಿ, ಇದು."

"ಹೌದು, ನನ್ನ ಅಳತಿ ಮಾಡಸೇನಿ" ಎಂದು ಸಾವಂತ್ರೆವ್ವ ಬಂದೂಕನ್ನು ಅವನ ಕೈಯಿಂದ ತೆಗೆದುಕೊಂಡಳು.